ಸುಮ್ನೆ ಆಡುವ ಚೆಸ್‌ಗೆ ಯಾವ ತಲೆಹರಟೆ ಓಪನಿಂಗ್? ಬಲೆ, ಬಲಿ ಮತ್ತು ಎದುರಿಗೆ ಕೂತವರ ಲೆಕ್ಕ

ಜೂನ್ ಬಂತು ಅಂದರೆ ನಮ್ಮ ಕಡೆ ಚೆಸ್ ಬೋರ್ಡು ಅಟ್ಟದಿಂದ ಇಳಿಯುತ್ತದೆ. ಮೈದಾನದಲ್ಲಿ ನೀರು, ಮನೆಯಲ್ಲಿ ಕರೆಂಟಿಲ್ಲ, ಮೊಬೈಲಿನಲ್ಲಿ ಚಾರ್ಜಿಲ್ಲ. ಜಗಲಿಯಲ್ಲಿ ಕೂತು ಆಡುವುದೊಂದೇ ದಾರಿ. ಹಾಗೆ ನಾಲ್ಕು ದಿನ ಆಡಿದ ಮೇಲೆ ಒಂದು ಪ್ರಶ್ನೆ ಬಂದೇ ಬರುತ್ತದೆ: ದಿನಾ ಅದೇ ಇಟಾಲಿಯನ್, ಅದೇ ಲಂಡನ್ ಸಿಸ್ಟಮ್ ಸಾಕಾಯಿತು, ಸ್ವಲ್ಪ ತಲೆಹರಟೆ ಓಪನಿಂಗ್ ಯಾವುದು ಹಿಡಿಯಲಿ? ಕಿಂಗ್ಸ್ ಗ್ಯಾಂಬಿಟ್ಟಾ, ಸ್ಟಾಫರ್ಡಾ, ಎಂಗ್ಲುಂಡಾ, ಇಲ್ಲ ಸೀದಾ ಜಿ4 ಹೊಡೆದುಬಿಡಲಾ?

ಯೂಟ್ಯೂಬ್ ನೋಡಿದರೆ ಎಲ್ಲವೂ ಎಂಟು ನಡೆಯಲ್ಲಿ ಗೆಲುವು. ಕಂಪ್ಯೂಟರ್ ಕೇಳಿದರೆ ಎಲ್ಲವೂ ಕಸ. ಎರಡೂ ನಮ್ಮ ಜಗಲಿಗೆ ಬಂದು ನೋಡಿಲ್ಲ. ರೇಟಿಂಗ್ ಇಲ್ಲದ ಆಟಕ್ಕೆ ಓಪನಿಂಗ್ ಆರಿಸುವಾಗ ಬೋರ್ಡಿಗಿಂತ ಮೊದಲು ಬೋರ್ಡಿನ ಆಚೆ ಕೂತವರನ್ನು ನೋಡಬೇಕು ಅನ್ನುವುದು ನನ್ನ ಲೆಕ್ಕ.

ಮುಂದೆ ಓದುವಾಗ ಗೊಂದಲ ಬೇಡ: ಇಲ್ಲಿ ಒಂಟೆ ಅಂದರೆ ಬಿಷಪ್, ಆನೆ ಅಂದರೆ ರೂಕ್, ಕಾಲಾಳು ಅಂದರೆ ಪಾನ್. ಓಪನಿಂಗ್ ಅಂದರೆ ಆಟ ಶುರುವಾಗುವ ಮೊದಲ ಕೆಲವು ನಡೆಗಳು, ಗ್ಯಾಂಬಿಟ್ ಅಂದರೆ ಅದರಲ್ಲಿ ಕಾಯಿ ಬಲಿ ಕೊಟ್ಟು ಆಡುವುದು. ಇ4, ಸಿ6 ಅನ್ನುವುದೆಲ್ಲ ಬೋರ್ಡಿನ ಮನೆಗಳ ಹೆಸರು: ಬಿಳಿಯ ಎಡದಿಂದ ಎ, ಬಿ, ಸಿ ಅಂತ ಉದ್ದ ಸಾಲು, ಬಿಳಿಯ ಕಡೆಯಿಂದ 1, 2, 3 ಅಂತ ಅಡ್ಡ ಸಾಲು. ಬರೀ ಮನೆಯ ಹೆಸರು ಹೇಳಿದರೆ ಅದು ಕಾಲಾಳಿನ ನಡೆ.

ಆರಿಸುವ ಮೊದಲು

ಮೊದಲ ಪ್ರಶ್ನೆ: ಎದುರಾಳಿ ನಾಳೆಯೂ ಸಿಗುತ್ತಾರಾ? ಆನ್‌ಲೈನ್‌ನಲ್ಲಿ ಇವತ್ತು ಆಡಿದವರು ನಾಳೆ ಸಿಗುವುದು ಅಪರೂಪ. ಅಲ್ಲಿ ಒಂದೇ ಬಲೆಯನ್ನು ದಿನಕ್ಕೆ ಹತ್ತು ಸಲ ಹಾಸಬಹುದು. ಮಣಿಪಾಲದ ಹಾಸ್ಟೆಲ್ ರೂಮು, ಆಫೀಸಿನ ಊಟದ ಹೊತ್ತು, ಉಡುಪಿಯ ಮಾವನ ಮನೆ, ಇಲ್ಲೆಲ್ಲ ಇರುವುದೇ ನಾಲ್ಕು ಜನ. ಒಬ್ಬರು ಬಿದ್ದರೆ ಸಂಜೆಯೊಳಗೆ ನಾಲ್ವರಿಗೂ ಸುದ್ದಿ.

ಎರಡನೇ ಪ್ರಶ್ನೆ: ನಡೆ ಹಿಂದೆ ತಗೊಳ್ಳಲು ಬಿಡುತ್ತೀರಾ? ವಿಡಿಯೋಗಳಲ್ಲಿ ಇದರ ಮಾತೇ ಬರುವುದಿಲ್ಲ, ಆದರೆ ಮನೆಯಾಟದಲ್ಲಿ ಇದೇ ದೊಡ್ಡ ವಿಷಯ. ‘ಅಯ್ಯೋ, ನೋಡ್ಲೇ ಇಲ್ಲ ಮಾರಾಯ, ಇದೊಂದು ಹಿಂದೆ ತಗೊಳ್ತೇನೆ’ ಅನ್ನುವುದಕ್ಕೆ ಒಪ್ಪಿಗೆ ಇರುವ ಜಗಲಿಯಲ್ಲಿ, ಒಂದೇ ಒಂದು ತಪ್ಪನ್ನು ನಂಬಿಕೊಂಡ ಓಪನಿಂಗ್ ದಂಡ. ಬಿದ್ದವರು ಎದ್ದು ಕೂರುತ್ತಾರೆ. ನಿಮಗೆ ಉಳಿಯುವುದು ಹಾಳಾದ ಪೊಸಿಷನ್ ಮಾತ್ರ. ಐದಾರು ನಡೆ ಸತತ ಒತ್ತಡ ಹಾಕುವ ಓಪನಿಂಗ್ ಆದರೆ, ಯಾವ ನಡೆ ಹಿಂದೆ ತಗೊಳ್ಳಬೇಕು ಅಂತಲೇ ಎದುರಿನವರಿಗೆ ಗೊತ್ತಾಗುವುದಿಲ್ಲ.

ಮೂರನೆಯದು ಗಡಿಯಾರ. 3 ನಿಮಿಷದ ಬ್ಲಿಟ್ಜ್‌ನಲ್ಲಿ ಎಂಥ ಕೆಟ್ಟ ಓಪನಿಂಗೂ ಒಮ್ಮೊಮ್ಮೆ ಓಡುತ್ತದೆ, ಯಾಕೆಂದರೆ ಉತ್ತರ ಹುಡುಕಲು ಹೊತ್ತಿಲ್ಲ. ಗಡಿಯಾರವೇ ಇಲ್ಲದೆ, ಚಹಾ ಕುಡಿಯುತ್ತಾ ಇಪ್ಪತ್ತು ನಿಮಿಷ ಯೋಚಿಸುವ ನಿವೃತ್ತ ಮೇಷ್ಟ್ರ ಎದುರು ಅದೇ ಓಪನಿಂಗ್ ಹಾಕಿದರೆ ನಿಮಗೇ ನಾಚಿಕೆ.

ಇನ್ನೆರಡು ಸಣ್ಣ ಲೆಕ್ಕ ಇವೆ. ಸರಿಯಾದ ಉತ್ತರ ಗೊತ್ತಿರುವವರ ಎದುರು ನಮ್ಮ ಗತಿ ಏನು? ಆ ಓಪನಿಂಗ್ ನಿಜವಾಗಿ ಎಷ್ಟು ಆಟಗಳಲ್ಲಿ ಬರುತ್ತದೆ? ಎಷ್ಟೋ ಜನ ವಾರಗಟ್ಟಲೆ ಕಲಿತ ಗ್ಯಾಂಬಿಟ್ ತಿಂಗಳಿಗೆ ಒಂದು ಸಲವೂ ಬೋರ್ಡಿಗೆ ಬರುವುದಿಲ್ಲ. ಖರ್ಚು ಅಂದರೆ ಇಲ್ಲಿ ಕಲಿಯುವ ಸಮಯವೇ. ದುಡ್ಡು ಬೇಕಾಗಿಲ್ಲ, ಆನ್‌ಲೈನ್ ಚೆಸ್ ತಾಣ ಲಿಚೆಸ್ ಪೂರ್ತಿ ಉಚಿತ.

ಬಲೆಗಳು: ಎಂಗ್ಲುಂಡ್ ಮತ್ತು ಸ್ಟಾಫರ್ಡ್

ಎರಡೂ ಕಪ್ಪು ಕಾಯಿಯವರಿಗೆ. ಎಂಗ್ಲುಂಡ್ ತುಂಬ ಅಗ್ಗ, ಅರ್ಧ ಗಂಟೆಯಲ್ಲಿ ಕಲಿಯಬಹುದು. ಬಿಳಿ ಡಿ4 ಇಟ್ಟ ಕೂಡಲೇ ಕಪ್ಪು ಇ5. ಬಿಳಿ ಅದನ್ನು ಹೊಡೆದರೆ ಕಪ್ಪು ಕುದುರೆ ಸಿ6, ಬಿಳಿ ಕುದುರೆ ಎಫ್3, ಕಪ್ಪು ರಾಣಿ ಇ7. ಈಗ ಬಿಳಿ ತನ್ನ ಕಾಲಾಳನ್ನು ಕಾಯಲು ಒಂಟೆಯನ್ನು ಎಫ್4ಕ್ಕೆ ಇಡುತ್ತದೆ. ಕಪ್ಪು ರಾಣಿ ಬಿ4ರಲ್ಲಿ ಚೆಕ್ ಕೊಟ್ಟು, ಒಂಟೆ ಡಿ2ಕ್ಕೆ ಬಂದಾಗ ಬಿ2ರ ಕಾಲಾಳನ್ನು ತಿನ್ನುತ್ತದೆ. ಇಲ್ಲಿ ಬಿಳಿ ರಾಣಿಯನ್ನು ಓಡಿಸುವ ಆಸೆಗೆ ಒಂಟೆಯನ್ನು ಸಿ3ಕ್ಕೆ ಇಟ್ಟರೆ ಕೆಲಸ ಕೆಟ್ಟಿತು. ಕಪ್ಪು ಒಂಟೆ ಬಿ4ಕ್ಕೆ ಬರುತ್ತದೆ, ಬಿಳಿ ರಾಣಿ ಡಿ2, ಸಿ3ರಲ್ಲಿ ಒಂಟೆಗೆ ಒಂಟೆ ಹೋಗುತ್ತದೆ. ರಾಣಿಯಿಂದ ವಾಪಸ್ ಹೊಡೆದರೆ ಸಿ1ರಲ್ಲಿ ಚೆಕ್‌ಮೇಟ್. ಕುದುರೆಯಿಂದ ಹೊಡೆದರೆ ಮೂಲೆಯ ಆನೆ ಹೋಯಿತು.

ಲಂಡನ್ ಸಿಸ್ಟಮ್ ಆಡುವವರಿಗೆ ಒಂಟೆಯನ್ನು ಎಫ್4ಕ್ಕೆ ಇಡುವುದು ಕೈಗೆ ಅಂಟಿದ ಅಭ್ಯಾಸ. ಹಾಗಾಗಿ ಅವರೇ ಜಾಸ್ತಿ ಬೀಳುತ್ತಾರೆ. ಮೊದಲ ನಡೆಯಲ್ಲೇ ಶುರುವಾಗುವುದರಿಂದ ಡಿ4 ಆಡುವ ಪ್ರತಿಯೊಬ್ಬರ ಮೇಲೂ ಪ್ರಯೋಗ ಮಾಡಬಹುದು. ಆದರೆ ಸಿ3ಕ್ಕೆ ಒಂಟೆಯ ಬದಲು ಕುದುರೆ ಇಟ್ಟರೆ ಮುಗಿಯಿತು. ಕಪ್ಪು ರಾಣಿ ಬಿಳಿಯ ಮನೆಯೊಳಗೆ ಒಂಟಿಯಾಗಿ ಸಿಕ್ಕಿಬೀಳುತ್ತದೆ, ಮುಂದೆ ಇಡೀ ಆಟ ಅದನ್ನು ಉಳಿಸಿಕೊಳ್ಳುವುದೇ ಕೆಲಸ. ನಾಲ್ಕೇ ಜನ ಇರುವ ಹಾಸ್ಟೆಲ್ ರೂಮಿನಲ್ಲಿ ಇದಕ್ಕೆ ಒಂದೇ ಸಂಜೆಯ ಆಯುಷ್ಯ.

ಸ್ಟಾಫರ್ಡ್ ಇದಕ್ಕಿಂತ ಸೊಗಸು. ಇ4, ಇ5. ಎರಡು ಕಡೆಯಿಂದಲೂ ರಾಜನ ಕುದುರೆ ಹೊರಗೆ ಬರುತ್ತದೆ. ಬಿಳಿ ಇ5ರ ಕಾಲಾಳನ್ನು ಹೊಡೆದಾಗ ಕಪ್ಪು ಇನ್ನೊಂದು ಕುದುರೆಯನ್ನು ಸಿ6ಕ್ಕೆ ತರುತ್ತದೆ, ಬಿಳಿ ಅದನ್ನು ಹೊಡೆಯುತ್ತದೆ, ಕಪ್ಪು ಡಿ ಕಾಲಾಳಿನಿಂದ ವಾಪಸ್. ಒಂದು ಕಾಲಾಳು ಹೋಯಿತು, ಬದಲಿಗೆ ಎರಡೂ ಒಂಟೆಗಳಿಗೆ ದಾರಿ ಬಿಟ್ಟಿತು. ಅಮೆರಿಕದ ಎರಿಕ್ ರೋಸನ್ ತಮ್ಮ ವಿಡಿಯೋಗಳಲ್ಲಿ ಆಡಿ ಆಡಿ ಇದನ್ನು ಊರೂರಿಗೆ ಮುಟ್ಟಿಸಿದರು.

ಇದರ ಮುಖ್ಯ ಬಲೆ ನೋಡಿ. ಬಿಳಿ ಡಿ3, ಕಪ್ಪು ಒಂಟೆ ಸಿ5. ಬಿಳಿ ಒಂಟೆ ಜಿ5ಕ್ಕೆ ಬಂದು ಕುದುರೆಯನ್ನು ಕಟ್ಟಿಹಾಕುತ್ತದೆ, ಕುದುರೆ ಅಲ್ಲಾಡಿದರೆ ಹಿಂದೆ ರಾಣಿ ಇದೆ. ಆದರೂ ಕುದುರೆ ಹಾರಿ ಇ4ರ ಕಾಲಾಳನ್ನು ಹೊಡೆಯುತ್ತದೆ. ಇದು ಗಾಳಕ್ಕೆ ಸಿಕ್ಕಿಸಿದ ಸಿಗಡಿ. ಬಿಟ್ಟಿ ರಾಣಿ ಕಂಡವರ ಕೈ ನಿಲ್ಲುವುದಿಲ್ಲ, ಟಪ್ಪಂತ ಎತ್ತಿಕೊಳ್ಳುತ್ತಾರೆ. ಆ ರಾಣಿ ಇನ್ನೂ ಅವರ ಅಂಗೈಯಲ್ಲಿ ಇರುವಾಗಲೇ ಕಪ್ಪು ಒಂಟೆ ಎಫ್2ರಲ್ಲಿ ಚೆಕ್, ರಾಜ ಇ2, ಇನ್ನೊಂದು ಒಂಟೆ ಜಿ4, ಚೆಕ್‌ಮೇಟ್. ರಾಣಿಯನ್ನು ಹೊಡೆಯದೆ ಕುದುರೆಯನ್ನು ಹೊಡೆದರೂ ಅದೇ ಎಫ್2ರ ಚೆಕ್‌ನಿಂದ ಬಿಳಿಯ ರಾಣಿ ಹೋಗುತ್ತದೆ.

ಎಂಗ್ಲುಂಡ್‌ನಲ್ಲಿ ಬಲೆ ಮುಖ್ಯವಾಗಿ ಒಂದೇ. ಸ್ಟಾಫರ್ಡ್‌ನಲ್ಲಿ ಹೆಜ್ಜೆಗೊಂದು. ಹಾಗಾಗಿ ಕಲಿಯಲು ಒಂದು ವಾರಾಂತ್ಯ ಬೇಕು, ಸ್ವಲ್ಪ ಜಾಸ್ತಿ ದಿನ ಬಾಳಿಕೆಯೂ ಬರುತ್ತದೆ. ತೊಂದರೆ ಎರಡು. ಬಿಳಿ ಡಿ3, ಒಂಟೆ ಇ2, ಸಿ3, ಆಮೇಲೆ ಡಿ4 ಅಂತ ಸಮಾಧಾನವಾಗಿ ಆಡಿದರೆ ಕಪ್ಪಿಗೆ ಕೊಟ್ಟ ಕಾಲಾಳಿಗೆ ತಕ್ಕ ಫಲವಿಲ್ಲ. ಮತ್ತೆ, ಎದುರಿನವರು ಇ5ರ ಕಾಲಾಳನ್ನು ಹೊಡೆಯದೆ ಇನ್ನೊಂದು ಕುದುರೆ ಹೊರಗೆ ತಂದರೆ ಸ್ಟಾಫರ್ಡ್ ಬರುವುದೇ ಇಲ್ಲ. ಒಂಟೆ ಸಿ4, ಕುದುರೆ ಸಿ3 ಅಂತ ಕ್ಲಾಸಿನಲ್ಲಿ ಕಲಿತ ಕ್ರಮದಲ್ಲೇ ಕಾಯಿ ಹೊರಗೆ ತರುವ ಮಕ್ಕಳ ಎದುರು ಇದನ್ನು ಕಾಯುತ್ತಾ ಕೂರಬೇಕಾಗುತ್ತದೆ.

ಬಲಿ ಕೊಟ್ಟು ಆಡುವವು

ನನ್ನ ಪಕ್ಷಪಾತ ಇಲ್ಲೇ ಹೇಳಿಬಿಡುತ್ತೇನೆ. ದಿನಾ ಸಿಗುವ ಜನರ ಜೊತೆ ಆಡುವುದಾದರೆ ಕಿಂಗ್ಸ್ ಗ್ಯಾಂಬಿಟ್ ಹಿಡಿಯಿರಿ. ಇ4, ಇ5, ಎಫ್4. ಎರಡನೇ ನಡೆಯಲ್ಲೇ ಎದುರಾಳಿ ಕೈ ಎತ್ತಿ, ತಡೆದು, ನಿಮ್ಮ ಮುಖ ನೋಡುತ್ತಾರೆ. ಇಲ್ಲಿ ಮುಚ್ಚಿಡುವ ಗುಟ್ಟು ಏನೂ ಇಲ್ಲ. ಕಾಲಾಳು ಕೊಡುತ್ತಿದ್ದೇನೆ, ನನ್ನ ರಾಜನ ಪಕ್ಕದ ಬಾಗಿಲೂ ತೆಗೆದಿದೆ, ಬದಲಿಗೆ ನಡು ಬೋರ್ಡು ಮತ್ತು ಎಫ್ ಸಾಲು ನನಗೆ. ಎದುರಿನವರಿಗೆ ಇದೆಲ್ಲ ಗೊತ್ತಿದ್ದರೂ ಆಟ ಸಾಯುವುದಿಲ್ಲ.

1851ರಲ್ಲಿ ಲಂಡನ್ನಿನಲ್ಲಿ ಆಂಡರ್ಸನ್ ಮತ್ತು ಕೀಸೆರಿಟ್ಸ್ಕಿ ಆಡಿದ, ‘ಅಮರ ಆಟ’ ಅಂತ ಹೆಸರಾದದ್ದು ಇದೇ ಓಪನಿಂಗ್. ಆಂಡರ್ಸನ್ ಒಂದು ಒಂಟೆ, ಎರಡೂ ಆನೆ, ಕೊನೆಗೆ ರಾಣಿ ಎಲ್ಲ ಕೊಟ್ಟು ಚೆಕ್‌ಮೇಟ್ ಮಾಡಿದ. ಅದು ಟೂರ್ನಮೆಂಟಿನ ಆಟವೂ ಅಲ್ಲ, ಸುಮ್ನೆ ಆಡಿದ್ದು. 1960ರಲ್ಲಿ ಮಾರ್ ದೆಲ್ ಪ್ಲಾತಾದಲ್ಲಿ ಸ್ಪಾಸ್ಕಿ ಇದರಲ್ಲೇ ಫಿಷರ್‌ನನ್ನು ಸೋಲಿಸಿದ. ಫಿಷರ್ ಸುಮ್ಮನೆ ಕೂರಲಿಲ್ಲ, ಮರುವರ್ಷ ಕಿಂಗ್ಸ್ ಗ್ಯಾಂಬಿಟ್ ಸತ್ತಿತು ಅನ್ನುವಂತೆ ಒಂದು ಲೇಖನವನ್ನೇ ಬರೆದ. ಆಮೇಲೆ ಅವನೇ ಬಿಳಿ ಕಾಯಿ ಹಿಡಿದು ಅದನ್ನು ಆಡಿ ಗೆದ್ದ!

ಖರ್ಚಿನ ವಿಷಯಕ್ಕೆ ಬಂದರೆ ಇದು ಸ್ವಲ್ಪ ದುಬಾರಿ. ಒಂದೆರಡು ವಾರ ಸೋಲು ತಿನ್ನಲೇಬೇಕು. ಮೊದಲು ಕಲಿಯಬೇಕಾದದ್ದು ಗೆಲ್ಲುವ ದಾರಿಗಿಂತ ಸಾಯದೆ ಇರುವ ದಾರಿ. ಎಫ್4 ಇಟ್ಟ ಮೇಲೆ ಕಪ್ಪು ಅದನ್ನು ಹೊಡೆಯದೆ ಒಂಟೆಯನ್ನು ಸಿ5ಕ್ಕೆ ತಂದಿತು ಅಂತಿಟ್ಟುಕೊಳ್ಳಿ. ‘ಓ, ಇ5 ಬಿಟ್ಟಿ’ ಅಂತ ಹೊಡೆದಿರೋ, ಕಪ್ಪು ರಾಣಿ ಎಚ್4ರಲ್ಲಿ ಚೆಕ್. ಜಿ3 ಇಟ್ಟು ತಡೆದರೆ ಇ4ರಲ್ಲಿ ಚೆಕ್ ಕೊಟ್ಟು ಮೂಲೆಯ ಆನೆ ಎತ್ತುತ್ತದೆ. ರಾಜನನ್ನು ಇ2ಕ್ಕೆ ಸರಿಸಿದರೆ ಇ4ರಲ್ಲೇ ಚೆಕ್‌ಮೇಟ್. ಹೊಸಬರ ಅರ್ಧ ಸೋಲು ಇದೇ ಎಚ್4ರ ಚೆಕ್‌ನಿಂದ. ಆದ್ದರಿಂದ ಕಪ್ಪು ಎಫ್4 ಹೊಡೆದರೂ ಸರಿ, ಒಂಟೆ ಸಿ5ಕ್ಕೆ ತಂದರೂ ಸರಿ, ಮೂರನೇ ನಡೆ ಕುದುರೆ ಎಫ್3 ಅಂತ ಕಣ್ಣುಮುಚ್ಚಿ ನೆನಪಿಡಿ. ಆಮೇಲೆ ಒಂಟೆ ಸಿ4, ಕ್ಯಾಸ್ಲಿಂಗ್, ಡಿ4, ಎಫ್ ಸಾಲಿನಲ್ಲಿ ಆನೆ. ಕಪ್ಪು ಜಿ5 ಇಟ್ಟು ಕಾಲಾಳನ್ನು ಕಾಪಾಡಲು ಹೊರಟರೆ ಎಚ್4 ಇಟ್ಟು ಆ ಸಾಲನ್ನು ಒಡೆಯುವುದು. ಮೂರನೇ ನಡೆಗೆ ಕಪ್ಪು ಡಿ5 ಇಟ್ಟರೆ ಆಟ ಸ್ವಲ್ಪ ಸಪ್ಪೆಯಾಗುತ್ತದೆ, ಆದರೆ ನೀವೇನೂ ಸಾಯುವುದಿಲ್ಲ.

ರಾಜನನ್ನು ಬಯಲಿಗೆ ಬಿಡಲು ಧೈರ್ಯ ಇಲ್ಲದವರಿಗೆ ಇವಾನ್ಸ್ ಗ್ಯಾಂಬಿಟ್ ಇದೆ. ಇಟಾಲಿಯನ್ (ಇ4, ಇ5, ಕುದುರೆ ಎಫ್3, ಕುದುರೆ ಸಿ6, ಒಂಟೆ ಸಿ4) ಆಡುವವರಿಗೆ ಹೊಸದಾಗಿ ಕಲಿಯಲು ಹೆಚ್ಚೇನಿಲ್ಲ. ಕಪ್ಪು ಒಂಟೆ ಸಿ5ಕ್ಕೆ ಬಂದ ಮೇಲೆ ಬಿ4 ಇಟ್ಟು ಒಂದು ಕಾಲಾಳು ಕೊಡುವುದು, ಸಿ3 ಮತ್ತು ಡಿ4 ಇಟ್ಟು ನಡು ಬೋರ್ಡು ಹಿಡಿಯುವುದು. ಇದನ್ನು ಕಂಡುಹಿಡಿದ ವಿಲಿಯಂ ಡೇವಿಸ್ ಇವಾನ್ಸ್ 1820ರ ದಶಕದಲ್ಲಿ ಹಡಗಿನ ಕ್ಯಾಪ್ಟನ್ ಆಗಿದ್ದವನು. ಬಂದರಿನ ಊರಿನವರಾದ ನಮಗೆ ಅಷ್ಟು ಅಭಿಮಾನ ಇರಲಿ ಅಲ್ವಾ? ಹಳೇಕಾಲದ್ದು ಅಂತ ನಗುವವರಿಗೆ 1995ರ ರೀಗಾ ಆಟ ತೋರಿಸಿ. ಕ್ಯಾಸ್ಪರೋವ್ ಇದನ್ನೇ ಹಾಕಿ ನಮ್ಮ ಆನಂದ್ ಅವರನ್ನು 25 ನಡೆಯಲ್ಲಿ ಸೋಲಿಸಿದ. ಸರಿಯುತ್ತರ ಗೊತ್ತಿದ್ದರೂ ಬಿಳಿಗೆ ದೊಡ್ಡ ನಷ್ಟ ಇಲ್ಲದಿರುವುದು ಇದರ ಗುಣ. ಕಪ್ಪು ಒಂಟೆ ಸಿ5ಕ್ಕೆ ಬರದೆ ಕುದುರೆ ಎಫ್6ಕ್ಕೆ ಬಂದರೆ ಆಡಲಾಗುವುದಿಲ್ಲ ಅನ್ನುವುದು ಇದರ ಕೊರತೆ.

ಡ್ಯಾನಿಷ್ ಗ್ಯಾಂಬಿಟ್‌ನಲ್ಲಿ ಇ4, ಇ5, ಬಿಳಿ ಡಿ4 ಇಟ್ಟರೆ ಕಪ್ಪಿನ ಹೊಡೆತ, ಸಿ3 ಇಟ್ಟರೆ ಮತ್ತೆ ಹೊಡೆತ, ಬಿಳಿ ಒಂಟೆ ಸಿ4, ಕಪ್ಪು ಬಿ2ರಲ್ಲೂ ಹೊಡೆತ, ಬಿಳಿ ಒಂಟೆಯಿಂದ ವಾಪಸ್. ಎರಡು ಕಾಲಾಳು ಕೊಟ್ಟು ಎರಡು ಒಂಟೆಗಳನ್ನು ಕಪ್ಪು ರಾಜನ ಕಡೆ ತಿರುಗಿಸಿ ನಿಲ್ಲಿಸುವ ಆಟ. ಮಕ್ಕಳಿಗೆ ಬಹಳ ಇಷ್ಟವಾಗುತ್ತದೆ, ಕಲಿಯುವುದು ಸುಲಭ. ಕಪ್ಪು ಆಗಲೇ ಡಿ5 ಇಟ್ಟರೆ ಮಾತ್ರ ರಾಣಿಗಳು ಹೋಗಿ ಸಮಸಮ ಎಂಡ್‌ಗೇಮ್ ಬರುತ್ತದೆ. ಸೋಲಿಲ್ಲ, ಆದರೆ ಮಜಾನೂ ಇಲ್ಲ.

ಕುದುರೆಯನ್ನೇ ಕೊಡುವ ಎರಡು ಇವೆ. ಹ್ಯಾಲೋವೀನ್‌ನಲ್ಲಿ ನಾಲ್ಕೂ ಕುದುರೆ ಹೊರಗೆ ಬಂದ ಮೇಲೆ ಬಿಳಿ ಇ5ರ ಕಾಲಾಳಿಗೆ ತನ್ನ ಕುದುರೆ ಕೊಟ್ಟು, ಕಪ್ಪು ಕುದುರೆಗಳನ್ನು ಕಾಲಾಳುಗಳಿಂದ ಅಟ್ಟುತ್ತಾ ಹೋಗುತ್ತದೆ. ಬ್ಲಿಟ್ಜ್‌ನಲ್ಲಿ ನಗು ಬರುವಷ್ಟು ಚೆನ್ನಾಗಿ ನಡೆಯುತ್ತದೆ, ನಿಧಾನದ ಆಟದಲ್ಲಿ ಕಪ್ಪು ಸಮಯ ನೋಡಿ ಕುದುರೆ ವಾಪಸ್ ಕೊಟ್ಟು ಕೈ ತೊಳೆದುಕೊಳ್ಳುತ್ತದೆ. ಕಾಕ್ರೇನ್ ಇದಕ್ಕಿಂತ ಗಟ್ಟಿ: ಕಪ್ಪು ಪೆಟ್ರೋವ್ ಆಡಿದಾಗ (ಇ4, ಇ5, ಕುದುರೆ ಎಫ್3ಕ್ಕೆ ಕುದುರೆ ಎಫ್6, ಬಿಳಿ ಇ5 ಹೊಡೆದರೆ ಡಿ6) ಎಫ್7ರಲ್ಲಿ ಕುದುರೆ ಕೊಟ್ಟು, ಎರಡು ಕಾಲಾಳು ತಗೊಂಡು, ರಾಜನನ್ನು ಹೊರಗೆ ಎಳೆಯುವುದು. ಜಾನ್ ಕಾಕ್ರೇನ್ ಕಲ್ಕತ್ತಾದಲ್ಲಿ ವಕೀಲನಾಗಿದ್ದ, ಅಲ್ಲಿ ಮಹೇಶಚಂದ್ರ ಬ್ಯಾನರ್ಜಿಯವರ ಜೊತೆ ಆಡಿದ ಆಟಗಳು ಇವತ್ತಿಗೂ ದಾಖಲೆಯಲ್ಲಿವೆ. 1999ರ ಲಿನಾರೆಸ್‌ನಲ್ಲಿ ಟೊಪಲೋವ್ ಇದನ್ನು ಕ್ರಾಮ್ನಿಕ್ ಎದುರೇ ಹಾಕಿ ಡ್ರಾ ಮಾಡಿಕೊಂಡ. ನಿಮ್ಮ ಬಳಗದಲ್ಲಿ ಯಾರೋ ಒಬ್ಬರು ಪೆಟ್ರೋವ್ ಆಡಿ ಡ್ರಾ ಹಿಡಿದು ಪ್ರಾಣ ತಿನ್ನುತ್ತಿದ್ದರೆ ಇದು ಅವರಿಗಾಗಿ.

ಕಪ್ಪಿಗೆ ಡಿ4 ಎದುರು ಮರ್ಯಾದೆ ಉಳಿಯುವಂಥದ್ದು ಬೇಕು ಅಂದರೆ ಬುಡಾಪೆಸ್ಟ್. ಕುದುರೆ ಎಫ್6, ಬಿಳಿ ಸಿ4 ಇಟ್ಟಾಗ ಇ5, ಹೊಡೆದರೆ ಕುದುರೆ ಜಿ4. ಕೊಟ್ಟ ಕಾಲಾಳು ಸಾಮಾನ್ಯವಾಗಿ ವಾಪಸ್ ಬರುತ್ತದೆ, ಮಧ್ಯೆ ಡಿ3ರಲ್ಲಿ ಕುದುರೆಯಿಂದ ಚೆಕ್‌ಮೇಟ್ ಆಗುವ ಚಂದದ ಬಲೆಯೂ ಇದೆ. 1918ರಲ್ಲಿ ಬರ್ಲಿನ್‌ನಲ್ಲಿ ವಿದ್ಮಾರ್ ಇದರಿಂದ ರೂಬಿನ್‌ಸ್ಟೈನ್ ಅಂಥವನನ್ನೇ ಸೋಲಿಸಿದ. ಆದರೆ ಬಿಳಿ ಸಿ4 ಇಡಬೇಕು. ಲಂಡನ್ ಸಿಸ್ಟಮ್‌ನವರು ಇಡುವುದಿಲ್ಲ, ಅಲ್ಲಿಗೆ ನಿಮ್ಮ ಬುಡಾಪೆಸ್ಟ್ ಪೆಟ್ಟಿಗೆಯಲ್ಲೇ.

ಬರೀ ವಿಚಿತ್ರ ಆಗಿರುವವು

ಬಿ4, ಅಂದರೆ ಒರಾಂಗುಟಾನ್. 1924ರ ನ್ಯೂಯಾರ್ಕ್ ಟೂರ್ನಮೆಂಟಿನ ಮಧ್ಯೆ ಟಾರ್ಟಾಕೋವರ್ ಮೃಗಾಲಯಕ್ಕೆ ಹೋಗಿ ಸುಸಾನ್ ಎಂಬ ಒರಾಂಗುಟಾನ್ ನೋಡಿಬಂದು ಇದನ್ನು ಆಡಿದ, ಹೆಸರು ಅಂಟಿಕೊಂಡಿತು. ವಿಚಿತ್ರವಾಗಿ ಕಂಡರೂ ಅಪಾಯ ಕಡಿಮೆ. ಒಂಟೆ ಬಿ2ಕ್ಕೆ ಹೋಗುತ್ತದೆ, ಆಟ ಮಾಮೂಲಾಗಿ ಸಾಗುತ್ತದೆ. ಬಿಳಿ ಕಾಯಿ ಸಿಕ್ಕಾಗಲೆಲ್ಲ ಆಡಬಹುದು, ಯಾರೂ ತಡೆಯಲಾಗುವುದಿಲ್ಲ. ಸೋತವರು ಗೋಳಿಬಜೆ ಕೊಡಿಸಬೇಕು ಅನ್ನುವ ಪಂದ್ಯಕ್ಕೆ ನನ್ನ ಆಯ್ಕೆ ಇದೇ.

ಕಪ್ಪಿಗೆ ಇದೇ ಜಾತಿಯದು ಇ4ಗೆ ಎ6. 1980ರಲ್ಲಿ ಟೋನಿ ಮೈಲ್ಸ್ ಇದನ್ನು ಆಗಿನ ವಿಶ್ವ ಚಾಂಪಿಯನ್ ಕಾರ್ಪೋವ್ ಎದುರು ಹಾಕಿ ಗೆದ್ದ. ಗೆದ್ದದ್ದು ಮೈಲ್ಸ್, ಎ6 ಅಲ್ಲ ಅಂತ ಹೇಳುವವರೂ ಇದ್ದಾರೆ. ನಾನೂ ಆ ಪಕ್ಷವೇ.

ಜಿ4, ಗ್ರೋಬ್. ಕಪ್ಪು ಡಿ5 ಇಟ್ಟಾಗ ಬಿಳಿ ಒಂಟೆ ಜಿ2ಕ್ಕೆ, ಕಪ್ಪು ಒಂಟೆಯಿಂದ ಜಿ4 ಹೊಡೆದರೆ ಬಿಳಿ ಸಿ4 ಇಟ್ಟು ಡಿ5 ಮತ್ತು ಬಿ7ರ ಮೇಲೆ ಬೀಳುತ್ತದೆ, ಅಷ್ಟೇ ಇದರ ಬಂಡವಾಳ. ರಾಜನ ಮುಂದಿನ ಗೋಡೆ ನೀವೇ ಒಡೆದಿರುತ್ತೀರಿ. ಬ್ಲಿಟ್ಜ್ ಬಿಟ್ಟು ಬೇರೆಲ್ಲೂ ಬೇಡ.

ರಾಜನನ್ನೇ ಎರಡನೇ ನಡೆಯಲ್ಲಿ ಇ2ಕ್ಕೆ ಇಡುವ ಬಾಂಗ್‌ಕ್ಲೌಡ್ ಬಗ್ಗೆ ಕೇಳುವವರು ಬಹಳ. 2021ರಲ್ಲಿ ಕಾರ್ಲ್‌ಸನ್ ಮತ್ತು ನಾಕಾಮುರಾ ಇಬ್ಬರೂ ಒಬ್ಬರ ಎದುರು ಒಬ್ಬರು ಇದನ್ನೇ ಆಡಿ ನಗುತ್ತಾ ಡ್ರಾ ಮಾಡಿಕೊಂಡರು. ಅದು ತಮಾಷೆ. ಹಿರಿಯರ ಎದುರು ಆಡಿದರೆ ಉಡಾಫೆ ಅಂತ ತಿಳಿದುಕೊಂಡಾರು.

ಯಾರಿಗೆ ಯಾವುದು

ರಾತ್ರಿ ಮಲಗುವ ಮೊದಲು ಮೊಬೈಲಿನಲ್ಲಿ ನಾಲ್ಕು ಬ್ಲಿಟ್ಜ್ ಆಡುವವರಿಗೆ ಬಿಳಿಯಲ್ಲಿ ಹ್ಯಾಲೋವೀನ್, ಕಪ್ಪಿನಲ್ಲಿ ಸ್ಟಾಫರ್ಡ್ ಮತ್ತು ಎಂಗ್ಲುಂಡ್. ರೇಟಿಂಗ್ ಏರಿಳಿದರೆ ಬೇಜಾರಾಗುವ ಸ್ವಭಾವ ಇದ್ದರೆ ಲಿಚೆಸ್‌ನಲ್ಲಿ ರೇಟಿಂಗ್ ಇಲ್ಲದ ಆಟ ಅಂತ ಆರಿಸಿಕೊಳ್ಳಿ. ಹಾಸ್ಟೆಲ್, ಆಫೀಸು, ಮನೆ ಅಂದರೆ ಕಿಂಗ್ಸ್ ಗ್ಯಾಂಬಿಟ್ ಅಥವಾ ಇವಾನ್ಸ್, ಕಪ್ಪಿಗೆ ಬುಡಾಪೆಸ್ಟ್. ವಾರಕ್ಕೆ ಒಂದು ಗಂಟೆಯೂ ಸಿಗದವರಿಗೆ ಬಿ4. ಮಗು ಟೂರ್ನಮೆಂಟ್‌ಗೆ ತಯಾರಾಗುತ್ತಿದ್ದರೆ ಎಂಗ್ಲುಂಡ್ ಕಲಿಸಬೇಡಿ, ಇವಾನ್ಸ್ ಕಲಿಸಿ. ಕಾಯಿ ಬೇಗ ಹೊರಗೆ ತರುವುದು, ಸಾಲು ತೆರೆಯುವುದು ಅದರಲ್ಲೇ ಅಭ್ಯಾಸವಾಗುತ್ತದೆ.

ಅಜ್ಜಂದಿರ ಜೊತೆ ಕೂರುವ ಮೊದಲು ನಿಯಮ ಕೇಳಿಕೊಳ್ಳಿ. ಹಳೇ ಪದ್ಧತಿಯಲ್ಲಿ ಕಾಲಾಳಿಗೆ ಮೊದಲ ನಡೆಯಲ್ಲೂ ಒಂದೇ ಮನೆ, ಕ್ಯಾಸ್ಲಿಂಗ್ ಬದಲು ರಾಜನಿಗೆ ಒಂದು ಸಲ ಕುದುರೆಯ ಜಿಗಿತ. ಆ ಬೋರ್ಡಿನ ಮೇಲೆ ಮೇಲಿನ ಒಂದು ಓಪನಿಂಗೂ ನಡೆಯುವುದಿಲ್ಲ.

ಆರಿಸಿದ ಮೇಲೆ ಲಿಚೆಸ್‌ನ ಓಪನಿಂಗ್ ಎಕ್ಸ್‌ಪ್ಲೋರರ್ ತೆರೆದು, ನಿಮ್ಮ ಮಟ್ಟದ ರೇಟಿಂಗ್ ಮಾತ್ರ ಇಟ್ಟುಕೊಂಡು, ಎದುರಿನವರು ಆ ಜಾಗದಲ್ಲಿ ನಿಜವಾಗಿ ಯಾವ ನಡೆ ಜಾಸ್ತಿ ಆಡುತ್ತಾರೆ ನೋಡಿ. ಮೊದಲ ಮೂರು ಉತ್ತರಗಳಿಗೆ ತಯಾರಾದರೆ ಸದ್ಯಕ್ಕೆ ಸಾಕು. ಬೆಂಗಳೂರು ರೈಲಿನಲ್ಲಿ ಆಡುವುದಿದ್ದರೆ ಇದನ್ನು ಹೊರಡುವ ಮೊದಲೇ ಮುಗಿಸಿ. ಸುಬ್ರಹ್ಮಣ್ಯ ರೋಡ್ ದಾಟಿ ಘಾಟಿ ಹತ್ತಿದ ಮೇಲೆ ನೆಟ್‌ವರ್ಕ್ ನಂಬುವಂತಿಲ್ಲ. ಬೋರ್ಡು ಆಯಸ್ಕಾಂತದ್ದು ತಗೊಳ್ಳಿ. ಸಹಪ್ರಯಾಣಿಕರು ಸಕಲೇಶಪುರದ ಆಚೆ ಮತ್ತೆ ಸಿಗುವವರಲ್ಲ, ಹಾಗಾಗಿ ಸ್ಟಾಫರ್ಡ್ ಕೂಡ ಹಾಕಬಹುದು.